300 ಪಿಕ್ಸೆಲ್ ಜಾಹೀರಾತು, ಹಿಗ್ಗುವ ಬರಹ: ಕೊನೆಗೂ ಕೂಡಿಬಂದ ಲೇಔಟ್

ವೆಬ್ ಪುಟದ ಅಗಲಗಳೆಲ್ಲವೂ ಪರ್ಸೆಂಟ್‌ನಲ್ಲಿರಲಿ, ಇಲ್ಲವೇ ಎಲ್ಲವೂ ಪಿಕ್ಸೆಲ್‌ನಲ್ಲಿರಲಿ, ಬೆರೆಸಿದರೆ ಕೆಡುತ್ತದೆ ಎಂದೇ ಜೊತೆಯವರ ವಾದ. ಈ ಕನ್ನಡ ಸುದ್ದಿತಾಣಕ್ಕೆ ಬೆರೆಸದೆ ಗತಿಯಿರಲಿಲ್ಲ: ಎಡಕ್ಕೆ 240 ಪಿಕ್ಸೆಲ್ ಮೆನು, ಬಲಕ್ಕೆ 300×250ರ ಜಾಹೀರಾತು, ನಡುವೆ ಉಳಿದದ್ದೆಲ್ಲ ಬರಹಕ್ಕೆ.

ಮೊದಲು ಫ್ಲೆಕ್ಸ್‌ನಲ್ಲಿ (ಭಾಗಗಳನ್ನು ಸಾಲಾಗಿ ಜೋಡಿಸುವ ವಿಧಾನ) ಕಟ್ಟಿದೆ. ಅಡಿಕೆ ಧಾರಣೆಯ ಎಂಟು ಕಾಲಮ್‌ಗಳ ಟೇಬಲ್ ಬಂದ ದಿನ ನಡುವಿನ ಭಾಗ ಹಿಗ್ಗಿ, ಬಲಪಟ್ಟಿ 270ರ ಆಸುಪಾಸಿಗೆ ಇಳಿಯಿತು. ವಿಡ್ತ್ 300 ಅಂತ ಬರೆದರೂ ಫ್ಲೆಕ್ಸ್ ಶ್ರಿಂಕ್ ತಾನಾಗಿ 1 ಇರುತ್ತದೆ, ಅಂದರೆ ಜಾಗ ಸಾಲದಿದ್ದರೆ ಕುಗ್ಗಬಹುದು. ಪಟ್ಟಿಗೆ ಓವರ್‌ಫ್ಲೋ ಹಿಡನ್ (ಹೊರಚೆಲ್ಲಿದ್ದನ್ನು ಮರೆಮಾಡುವುದು) ಕೊಟ್ಟಿದ್ದರಿಂದ ಕುಗ್ಗುವುದಕ್ಕೆ ತಡೆಯೂ ಇರಲಿಲ್ಲ. ಜಾಹೀರಾತಿನ ಬಲ ಅಂಚಿನಲ್ಲಿದ್ದ ಫೋನ್ ನಂಬರಿನ ಕೊನೆಯ ಎರಡು ಅಂಕಿ ಮಾಯ. ಒಂದು ವಾರದ ಹಣ, ಸುಮಾರು 4,000 ರೂಪಾಯಿ, ಬರಲಿಲ್ಲ.

ಆಮೇಲೆ ಗ್ರಿಡ್‌ಗೆ (ಕಾಲಮ್‌ಗಳ ಅಗಲ ಮೊದಲೇ ಹೇಳುವ ವಿಧಾನ) ಬಂದೆ: 240, 1ಎಫ್‌ಆರ್ (ಉಳಿದ ಜಾಗದ ಒಂದು ಪಾಲು), 300. ಈಗ ಜಾಹೀರಾತು ಕುಗ್ಗಲಿಲ್ಲ, ಆದರೆ ಪರದೆಯಿಂದಲೇ ಆಚೆ ಹೋಯಿತು. 1ಎಫ್‌ಆರ್ ಎಂದರೆ ಒಳಗೆ ಮಿನ್‌ಮ್ಯಾಕ್ಸ್(ಆಟೊ, 1ಎಫ್‌ಆರ್), ಅಂದರೆ ಕನಿಷ್ಠ ಆಟೊ, ಗರಿಷ್ಠ 1ಎಫ್‌ಆರ್. ಒಳಗಿನ ವಸ್ತುವಿನ ಕನಿಷ್ಠ ಅಗಲಕ್ಕಿಂತ ಅದು ಕೆಳಗಿಳಿಯುವುದಿಲ್ಲ. ಮಿನ್‌ಮ್ಯಾಕ್ಸ್(0, 1ಎಫ್‌ಆರ್) ಬರೆದು, ಟೇಬಲ್ಲಿನ ಸುತ್ತ ಓವರ್‌ಫ್ಲೋ ಎಕ್ಸ್ ಆಟೊ (ಹೆಚ್ಚಾದರೆ ಒಳಗೇ ಅಡ್ಡಕ್ಕೆ ಜಾರುವಂತೆ) ಇರುವ ಡಿವ್, ಅಂದರೆ ಒಂದು ಪೆಟ್ಟಿಗೆ, ಹಾಕಿದ ಮೇಲೆ ಎಲ್ಲ ನಿಂತಿತು. ಎರಡೂ ಬೇಕು. ಬರೀ ಡಿವ್ ಹಾಕಿ ಅರ್ಧ ದಿನ ಕಳೆದುಕೊಂಡಿದ್ದೇನೆ.

1024ರ ಪರದೆಯಲ್ಲಿ ಮೆನು, ಜಾಹೀರಾತಿನ ಜೊತೆ ಒಟ್ಟು ಗ್ಯಾಪ್ 48, ಅಂಚು 32 ಕಳೆದರೆ ಬರಹಕ್ಕೆ ಉಳಿಯುವುದು 404. 18 ಪಿಕ್ಸೆಲ್ ಕನ್ನಡ ಅಕ್ಷರಕ್ಕೆ ಸಾಲಿಗೆ ನಾಲ್ಕೇ ಪದ. ಹಾಗಾಗಿ 1100ರ ಕೆಳಗೆ ಮೆನುವನ್ನು ಮೇಲಕ್ಕೆ ಕಳಿಸಿದೆ. ಮೊಬೈಲಿನಲ್ಲಿ ಅದೇ ಜಾಹೀರಾತನ್ನು ಎರಡು ಸಲ ಲೋಡ್ ಮಾಡದೆ ಮೂರನೇ ಪ್ಯಾರಾದ ಕೆಳಗೆ ತರುವ ಉಪಾಯ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಸಾಲಿನ ಉದ್ದಕ್ಕೆ 65 ಸಿಎಚ್ ಹಾಕಿಯೂ ನೋಡಿದೆ. ಸಿಎಚ್ ಅಳೆಯುವುದು ‘0’ ಎಂಬ ಅಂಕಿಯ ಅಗಲವನ್ನು. ನಮ್ಮ ‘ಣ’, ‘ಮ’ ಅದಕ್ಕಿಂತ ಎಷ್ಟೋ ಅಗಲ. ಲೆಕ್ಕ ತಪ್ಪಿತು, 38 ರೆಮ್‌ಗೆ (ಪುಟದ ಮೂಲ ಅಕ್ಷರ ಗಾತ್ರದ 38 ಪಟ್ಟು) ಬಂದೆ. ಬಟನ್ನಿನ ಎತ್ತರವನ್ನಂತೂ ಬಿಗಿಮಾಡಲೇಬೇಡಿ: 32 ಪಿಕ್ಸೆಲ್ ಬಟನ್ನಿನಲ್ಲಿ ‘ರಾಷ್ಟ್ರೀಯ’ದ ಒತ್ತು ಕೆಳಗೆ ಕತ್ತರಿಸಿಹೋಗಿತ್ತು. ಮಿನ್‌ಹೈಟ್ (ಕನಿಷ್ಠ ಎತ್ತರ) 40, ಲೈನ್‌ಹೈಟ್ (ಸಾಲಿನ ಎತ್ತರ) 1.7 ಇಟ್ಟೆ.

ಕಾರ್ಡುಗಳ ಸಾಲಿಗೆ ಮಿನ್‌ಮ್ಯಾಕ್ಸ್(280, 1ಎಫ್‌ಆರ್) ಇಟ್ಟವರು 320ರ ಫೋನ್ ಹಿಡಿದು ನೋಡಿ. ಎರಡೂ ಕಡೆ 24 ಅಂಚು ಹೋದರೆ ಉಳಿಯುವುದು 272, ಪುಟ ಅಡ್ಡಡ್ಡ ಜಾರುತ್ತದೆ. 280ರ ಜಾಗದಲ್ಲಿ ಮಿನ್(280, 100%) ಬರೆಯಿರಿ, ಎರಡರಲ್ಲಿ ಚಿಕ್ಕದನ್ನೇ ಅದು ತೆಗೆದುಕೊಳ್ಳುತ್ತದೆ.