ಉದ್ಯಾನದ ಮುರಿದ ತಂತಿಬೇಲಿಯನ್ನು ಬದಲಿಸುವ ಬಗೆ

ಬಡಾವಣೆಯ ಉದ್ಯಾನದ ಬೇಲಿ ತುಕ್ಕು ಹಿಡಿದು ವಾಲಿದಾಗ ನಿವಾಸಿಗಳ ಸಂಘದವರೇ ಚಂದಾ ಎತ್ತಿ ಕೆಲಸ ಆರಂಭಿಸುವುದುಂಟು. ಉದ್ದೇಶ ಒಳ್ಳೆಯದೇ, ಆದರೆ ಜಾಗ ಸಂಘದ್ದಲ್ಲ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರ ಅಧಿನಿಯಮವಿದೆ. ಆದ್ದರಿಂದ ಹಾನಿಯಾದ ಉದ್ದ, ಮುರಿದ ಕಂಬಗಳ ಸಂಖ್ಯೆ ಮತ್ತು ದಿನಾಂಕ ಸಹಿತ ಛಾಯಾಚಿತ್ರಗಳೊಂದಿಗೆ ಸ್ಥಳೀಯ ಸಂಸ್ಥೆಗೆ ಮನವಿ ಕೊಟ್ಟು, ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಹಳೆಯ ಕಂಬಕ್ಕೆ ಕೈಹಾಕಬೇಕು.

ಹಳೆಯ ಬೇಲಿ ಇದ್ದ ಗೆರೆಯೇ ಗಡಿ ಎಂದು ನಂಬುವುದು ಇಲ್ಲಿ ಆಗುವ ದೊಡ್ಡ ತಪ್ಪು. ಹಿಂದೆ ಕಂಬ ನೆಟ್ಟವರು ಬಂಡೆಯನ್ನೋ ಚರಂಡಿಯನ್ನೋ ತಪ್ಪಿಸಲು ಒಳಕ್ಕೆ ಸರಿದಿರಬಹುದು. 60 ಮೀಟರ್ ಉದ್ದದ ಬದಿಯಲ್ಲಿ ಬೇಲಿ 15 ಸೆಂಟಿಮೀಟರ್ ಒಳಸರಿದರೂ 9 ಚದರ ಮೀಟರ್ ಸಾರ್ವಜನಿಕ ಜಾಗ ಹೊರಗೆ ಉಳಿಯುತ್ತದೆ. ಅನುಮೋದಿತ ಬಡಾವಣೆಯಾದರೆ ಅದರ ನಕ್ಷೆಯಂತೆ ಅಧಿಕಾರಿಗಳಿಂದ ಅಳತೆ ಮಾಡಿಸಬೇಕು. ಸರ್ವೆ ನಂಬರಿನ ಜಮೀನಾದರೆ ಭೂಮಾಪನ ಇಲಾಖೆಯಿಂದ ಹದ್ದುಬಸ್ತು, ಅಂದರೆ ಅಳತೆ ಮಾಡಿ ಗಡಿ ಗೊತ್ತುಪಡಿಸುವ ಕೆಲಸ, ಮಾಡಿಸಿ, ಗಡಿ ತೋರಿಸುವ ಬಾಂದುಕಲ್ಲುಗಳನ್ನು ಗುರುತಿಸಿಕೊಳ್ಳಬೇಕು. ಪಕ್ಕದ ಮನೆಯವರೂ ಅಳತೆಯ ವೇಳೆ ಹಾಜರಿದ್ದರೆ ಮುಂದಿನ ತಕರಾರು ಅರ್ಧ ಕಡಿಮೆಯಾದಂತೆ.

ಬೇಲಿ ಎಲ್ಲಿ ಮುರಿದಿದೆ ಎಂಬುದನ್ನೂ ಗಮನಿಸಬೇಕು. ಬಸ್ ನಿಲ್ದಾಣದ ಕಡೆಗೆ ಕಾಲುದಾರಿ ಬಿದ್ದಿದ್ದರೆ, ಎಷ್ಟು ಸಲ ಜಾಲರಿ ಹೊದಿಸಿದರೂ ಜನ ಅದನ್ನು ಬಗ್ಗಿಸಿಯೇ ದಾಟುತ್ತಾರೆ. ಅಲ್ಲಿ ಕಿರುಬಾಗಿಲು ಕೇಳುವುದೇ ವಿವೇಕ.

ಕೆಲಸವನ್ನು ತುಂಡು ತುಂಡಾಗಿ ಮಾಡಿಸಿದರೆ ಇಡೀ ಉದ್ಯಾನ ಬಟಾಬಯಲಾಗುವುದಿಲ್ಲ. ಮೊದಲು ಮೂಲೆ ಕಂಬಗಳನ್ನು ನಿಲ್ಲಿಸಿ, ಅವುಗಳ ನಡುವೆ ದಾರ ಎಳೆದು, 2.5ರಿಂದ 3 ಮೀಟರಿಗೊಂದರಂತೆ ಕಬ್ಬಿಣದ ಆಂಗಲ್ ಕಂಬಗಳ ಗುಂಡಿ ತೋಡಬೇಕು. ಗುಂಡಿ ಸುಮಾರು 60 ಸೆಂಟಿಮೀಟರ್ ಆಳವಿರಲಿ. ಮರದ ಬೇರು ಅಡ್ಡ ಬಂದರೆ ಬೇರನ್ನು ಕಡಿಯದೆ ಅದೇ ಗೆರೆಯ ಮೇಲೆ ಗುಂಡಿಯನ್ನು ಸರಿಸಬೇಕು. ಮರವನ್ನೇ ಕಂಬವಾಗಿಸಿ ತಂತಿ ಬಿಗಿಯುವುದಂತೂ ಕೂಡದು. ಕಂಬ ನೆಟ್ಟಗಿದೆಯೇ ಎಂದು ತೂಗುಗುಂಡಿನಿಂದ ನೋಡಿಕೊಂಡು ಸಿಮೆಂಟ್, ಮರಳು, ಜಲ್ಲಿ 1:2:4ರ ಪ್ರಮಾಣದಲ್ಲಿರುವ ಕಾಂಕ್ರೀಟ್ ತುಂಬಬೇಕು. ಕಬ್ಬಿಣವನ್ನು ತುಕ್ಕು ಮೊದಲು ತಿನ್ನುವುದು ನೆಲದ ಮಟ್ಟದಲ್ಲಿ. ಹಾಗಾಗಿ ಕಾಂಕ್ರೀಟನ್ನು ನೆಲಕ್ಕಿಂತ ತುಸು ಮೇಲೆ ತಂದು, ನೀರು ಹರಿದುಹೋಗುವಂತೆ ಇಳಿಜಾರು ಕೊಡಬೇಕು. ಮೂಲೆ ಮತ್ತು ಬಾಗಿಲ ಕಂಬಗಳಿಗೆ ಓರೆ ಆಸರೆಗಳು ಬೇಕೇ ಬೇಕು, ಏಕೆಂದರೆ ಜಾಲರಿಯ ಎಳೆತವೆಲ್ಲ ಅವುಗಳ ಮೇಲೆಯೇ ಬೀಳುತ್ತದೆ.

ಕಾಂಕ್ರೀಟಿಗೆ ಏಳು ದಿನವಾದರೂ ನೀರುಣಿಸಿದ ಮೇಲೆ ಜಾಲರಿ ಎಳೆಯಬೇಕು. ಬಿಲ್ ಹಣ ಪಡೆಯುವ ಅವಸರಕ್ಕೆ ಮರುದಿನವೇ ಎಳೆದ ಬೇಲಿಯ ಕಂಬಗಳು ಮೊದಲ ಮಳೆಗಾಲದಲ್ಲೇ ತಲೆಬಾಗುತ್ತವೆ. ಮೇಲೆ, ನಡುವೆ, ಕೆಳಗೆ ಮೂರು ಗಟ್ಟಿ ತಂತಿಗಳನ್ನು ಬಿಗಿದು, ಅವುಗಳಿಗೆ 50 ಮಿಲಿಮೀಟರ್ ಕಣ್ಣಿನ ಸತು ಲೇಪಿತ ಜಾಲರಿಯನ್ನು ಕಟ್ಟಬೇಕು. ಮಕ್ಕಳು ಆಡುವ ಜಾಗದಲ್ಲಿ ಮುಳ್ಳುತಂತಿ ಬೇಡ. ತಂತಿಯ ಕತ್ತರಿಸಿದ ತುದಿಗಳನ್ನೂ ಒಳಮಡಚಬೇಕು.

ಕಿತ್ತ ಕಂಬ, ಜಾಲರಿಗಳೂ ಸಾರ್ವಜನಿಕ ಸ್ವತ್ತೇ. ಅವುಗಳನ್ನು ಎಣಿಸಿ, ತೂಗಿಸಿ, ಪಟ್ಟಿ ಮಾಡಿ ಕಚೇರಿಗೆ ಒಪ್ಪಿಸಿ ಸ್ವೀಕೃತಿ ಪಡೆಯಬೇಕೇ ಹೊರತು ಗುಜರಿಗೆ ಕಳುಹಿಸಬಾರದು.