ಹಡಗು ಹತ್ತುವ ಮೊದಲು: ಅತ್ತೆ, ಇಬ್ಬರು ಮಕ್ಕಳು ಮತ್ತು ಡೆಕ್ ಪ್ಲಾನ್

ಮೊದಲ ಸಲ ಕ್ರೂಸ್‌ಗೆ ಹೋದಾಗ ನಮ್ಮ ಯಜಮಾನರ ಪ್ಯಾಂಟು ನಮಗಿಂತ ಮೊದಲೇ ಹಡಗಿನಿಂದ ಇಳಿದುಹೋಯಿತು. ಆ ಕಥೆ ಆಮೇಲೆ ಹೇಳುತ್ತೇನೆ. ಅವತ್ತಿನಿಂದ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಹುಬ್ಬಳ್ಳಿಯಲ್ಲಿ ಹೈಸ್ಕೂಲಿಗೆ ಗಣಿತ ಹೇಳುವವಳು ನಾನು, ಲೆಕ್ಕ ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಎರಡು ಸಲ ಮುಂಬೈನಿಂದ ಗೋವಾಕ್ಕೆ ಹಡಗಿನಲ್ಲಿ ಹೋಗಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, 72 ವರ್ಷದ ಅತ್ತೆ. ಈಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೇ ಕ್ರೂಸ್ ಅಂದರೂ ನನ್ನ ಕಡೆ ಕೈ ತೋರಿಸುತ್ತಾರೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಕಡೆಯವರಿಗೆ ಹತ್ತಿರದ ಕ್ರೂಸ್ ಅಂದರೆ ಮುಂಬೈನದು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಅಲ್ಲಿಂದ ಓಡಾಟ ಶುರು ಮಾಡಿತು. ಸುಮಾರು 211 ಮೀಟರ್ ಉದ್ದ, ಹನ್ನೊಂದು ಡೆಕ್, ಅಂದರೆ ಮಹಡಿ. 1990ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ್ದು. ಆ ಕಾಲದ ಹಡಗು ಆದ್ದರಿಂದ ರೂಮುಗಳು ಚಿಕ್ಕವು. ಇದನ್ನು ಮೊದಲೇ ತಿಳಿದುಕೊಂಡು ಹೋದರೆ ಬಾಗಿಲು ತೆಗೆದ ಕೂಡಲೇ ಮುಖ ಸಣ್ಣದಾಗುವುದಿಲ್ಲ. ಮಂಗಳೂರಿಗೂ ಪ್ರವಾಸಿ ಹಡಗು ಬರುತ್ತವಲ್ಲ ಅಂತ ಕೇಳುತ್ತಾರೆ. ಬರುತ್ತವೆ. ಹೆಚ್ಚಾಗಿ ವಿದೇಶಿಯರು ನವಮಂಗಳೂರು ಬಂದರಿನಲ್ಲಿ ಇಳಿದು ಕಾರ್ಕಳ, ಮೂಡುಬಿದಿರೆ ನೋಡಿ ಸಂಜೆಗೆ ಮತ್ತೆ ಹತ್ತಿ ಹೋಗುತ್ತಾರೆ. ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಸಹವಾಸ ಬೇಡ. ನವೆಂಬರ್‌ನಿಂದ ಫೆಬ್ರವರಿವರೆಗೆ ನೀರು ಶಾಂತ. ಆದರೆ ದೀಪಾವಳಿ ವಾರ ಮತ್ತು ಡಿಸೆಂಬರ್ ಕೊನೆಯಲ್ಲಿ ದರ ಆಕಾಶಕ್ಕೆ. ಇಲ್ಲಿ ನಮಗೊಂದು ಅನುಕೂಲ ಇದೆ, ಬಹಳ ಮಂದಿ ಗಮನಿಸುವುದಿಲ್ಲ. ನಮ್ಮ ಶಾಲೆಗಳಿಗೆ ದಸರಾ ರಜೆ ದೊಡ್ಡದು, ಮಹಾರಾಷ್ಟ್ರದ ಮಕ್ಕಳಿಗೆ ದೀಪಾವಳಿ ರಜೆ ದೊಡ್ಡದು. ಅಕ್ಟೋಬರ್‌ನಲ್ಲಿ ನಮ್ಮ ಮಕ್ಕಳು ಮನೆಯಲ್ಲಿರುವಾಗ ಅವರ ಮಕ್ಕಳು ಕ್ಲಾಸಿನಲ್ಲಿರುತ್ತಾರೆ. ಎರಡನೇ ಸಲ ನಾವು ದಸರಾ ರಜೆಯಲ್ಲಿ, ಅದೂ ವಾರದ ನಡುವೆ ಹೊರಟೆವು. ಈಜುಕೊಳದಲ್ಲಿ ಕಾಲು ಚಾಚುವಷ್ಟು ಜಾಗ ಇತ್ತು. ದರವೂ ಮೊದಲ ಸಲಕ್ಕಿಂತ ಕಡಿಮೆ.

ಇನ್ನು ದರದ ವಿಷಯ. ಜಾಹೀರಾತಿನಲ್ಲಿ ಕಾಣುವುದು ಒಬ್ಬರಿಗೆ ಆಗುವ ದರ, ಅದೂ ಒಂದು ರೂಮಿನಲ್ಲಿ ಇಬ್ಬರಿದ್ದರೆ. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್, ಜಿಎಸ್‌ಟಿ ಕೂಡುತ್ತವೆ. ಮೊದಲ ಸಲ ನಮ್ಮ ಏಜೆಂಟ್ ‘ಎಲ್ಲಾ ಸೇರಿ’ ಅಂದಿದ್ದ. ಕೊನೆಗೆ ಕಟ್ಟಿದ್ದು ಅವನು ಹೇಳಿದ್ದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ. ಕೇಳಿದರೆ, ‘ಮೇಡಂ, ಊಟ ತಿಂಡಿ ಎಲ್ಲಾ ಸೇರಿ ಅಂದಿದ್ದು’ ಅಂದ. ಆದ್ದರಿಂದ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: ನಾವು ಐದು ಜನ, ಹಡಗು ಹತ್ತುವ ತನಕ ನನ್ನ ಅಕೌಂಟಿನಿಂದ ಒಟ್ಟು ಎಷ್ಟು ಹೋಗುತ್ತದೆ? ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಮೂರನೆಯವರು, ನಾಲ್ಕನೆಯವರು ಅದೇ ರೂಮಿನಲ್ಲಿದ್ದರೆ ದರ ಸಾಮಾನ್ಯವಾಗಿ ಇಳಿಯುತ್ತದೆ. ರೂಮಿಗೆ ಒಬ್ಬರೇ ಅಂದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಎಲ್ಲರೂ ದರದ ಪಟ್ಟಿ ನೋಡುತ್ತಾರೆ, ಡೆಕ್ ಪ್ಲಾನ್ ನೋಡುವವರು ಕಡಿಮೆ. ಡೆಕ್ ಪ್ಲಾನ್ ಅಂದರೆ ಪ್ರತಿ ಮಹಡಿಯ ನಕ್ಷೆ, ವೆಬ್‌ಸೈಟಿನಲ್ಲಿ ಸಿಗುತ್ತದೆ. ಜಾತ್ರೆಯ ಜೋಕಾಲಿ ನೆನಪಿಸಿಕೊಳ್ಳಿ. ತುದಿಯಲ್ಲಿ ಕೂತವರಿಗೆ ಹೊಟ್ಟೆ ಕಲಕುತ್ತದೆ, ನಡುವೆ ಕೂತವರಿಗೆ ಏನೂ ಆಗುವುದಿಲ್ಲ. ಹಡಗೂ ಹಾಗೇ. ಉದ್ದದಲ್ಲಿ ಮಧ್ಯ, ಎತ್ತರದಲ್ಲಿ ಕೆಳಗೆ. ಅಲ್ಲಿ ಅಲ್ಲಾಟ ಕಡಿಮೆ. ನಾನು ನಮ್ಮ ಮಹಡಿ, ಅದರ ಮೇಲಿನದು, ಕೆಳಗಿನದು, ಮೂರರ ನಕ್ಷೆಯನ್ನೂ ಪ್ರಿಂಟ್ ತೆಗೆದು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದು ನೋಡಿದೆ. ನಮ್ಮ ರೂಮಿನ ಮೇಲೆ ಏನಿದೆ, ಕೆಳಗೆ ಏನಿದೆ ಅಂತ. ಮೇಲೂ ಕೆಳಗೂ ರೂಮುಗಳೇ ಇದ್ದರೆ ಪಾಸು. ನನ್ನ ನಾದಿನಿಯವರು ವಿದೇಶದ ಇನ್ನೊಂದು ಹಡಗಿನಲ್ಲಿ ಊಟದ ಹಾಲಿನ ಕೆಳಗೇ ರೂಮು ತೆಗೆದುಕೊಂಡಿದ್ದರು. ಬೆಳಗಿನ ಜಾವ ನಾಲ್ಕೂವರೆಗೆ ಕುರ್ಚಿ ಎಳೆಯುವ ಸದ್ದು ಶುರು. ಅದೇ ಡ್ಯಾನ್ಸ್ ಫ್ಲೋರಿನ ಮೇಲಿನ ರೂಮಾದರೆ ರಾತ್ರಿ ಎರಡರ ತನಕ ಮಂಚ ಕುಣಿಯುತ್ತದೆ. ರೂಮ್ ನಂಬರ್ ಕೊಡದೆ ‘ಗ್ಯಾರಂಟಿ ಕ್ಯಾಬಿನ್’ ಅಂತ ಅಗ್ಗಕ್ಕೆ ಕೊಡುತ್ತಾರೆ. ಅಂದರೆ ಎಲ್ಲಿ ಉಳಿದಿದೆಯೋ ಅಲ್ಲಿ ಹಾಕುತ್ತಾರೆ. ಹುಡುಗರ ಗುಂಪಾದರೆ ನಡೆಯುತ್ತದೆ, ಅತ್ತೆ ಜೊತೆಗಿದ್ದರೆ ಬೇಡ.

ಬಾಲ್ಕನಿ ಬೇಕಾ? ಎರಡು ರಾತ್ರಿಗೆ ನನ್ನ ಪ್ರಕಾರ ಬೇಡ. ನಾವು ಕಿಟಕಿ ಇಲ್ಲದ ಒಳಗಿನ ರೂಮು ಎರಡು ತೆಗೆದುಕೊಂಡೆವು, ಎದುರುಬದುರು. ಮಕ್ಕಳಲ್ಲಿ ಒಬ್ಬ ಅಜ್ಜಿ ಜೊತೆ. ಐದು ಜನಕ್ಕೆ ಎರಡು ಬಾತ್‌ರೂಮ್ ಇರುವುದರ ಸುಖ ಬಾಲ್ಕನಿಯಿಂದ ಸಿಗುವುದಿಲ್ಲ. ಸಮುದ್ರ ನೋಡಲು ಡೆಕ್ ಇದೆ, ಅದು ಪುಕ್ಕಟೆ. ಆದರೆ ಮೂರು, ನಾಲ್ಕನೆಯವರ ಹಾಸಿಗೆ ಹೆಚ್ಚಾಗಿ ಗೋಡೆಯಿಂದ ಇಳಿಸುವ ಮೇಲಿನ ಬರ್ತ್. ಏಣಿ ಹತ್ತಬೇಕು. ವಯಸ್ಸಾದವರಿಗೆ ಕೆಳಗಿನ ಹಾಸಿಗೆ ಅಂತ ಬುಕ್ಕಿಂಗ್‌ನಲ್ಲೇ ಬರೆಸಿ.

ಹೆಸರಿನ ವಿಷಯ ನಮ್ಮವರಿಗೆ ವಿಶೇಷ ತಲೆನೋವು. ಫಾರ್ಮಿನಲ್ಲಿ ಹೆಸರು, ಅಡ್ಡಹೆಸರು ಎರಡೂ ಕೇಳುತ್ತಾರೆ. ನಮಗೆ ಇರುವುದು ಇನಿಷಿಯಲ್. ಏಜೆಂಟ್ ತನಗೆ ತೋಚಿದಂತೆ ತುಂಬುತ್ತಾನೆ. ನಮ್ಮ ಅತ್ತೆ ಆಧಾರ್‌ನಲ್ಲಿ ಶಾಂತಾಬಾಯಿ, ಟಿಕೆಟ್‌ನಲ್ಲಿ ಬರೀ ಶಾಂತಾ. ಹುಟ್ಟಿದ ತಾರೀಖು ಒಂದರಲ್ಲಿ ಜನವರಿ 1, ಇನ್ನೊಂದರಲ್ಲಿ ಬೇರೆ. ಕೌಂಟರ್‌ನಲ್ಲಿ ಇಪ್ಪತ್ತು ನಿಮಿಷ ನಿಂತೆವು. ‘ನನ್ನ ಹೆಸರು ನನಗೇ ಗೊತ್ತಿಲ್ಲವೇನು’ ಅಂತ ಅವರು ಕನ್ನಡದಲ್ಲಿ ಬೈಯುತ್ತಿದ್ದರು, ಪುಣ್ಯಕ್ಕೆ ಅಲ್ಲಿದ್ದವರಿಗೆ ಅರ್ಥವಾಗಲಿಲ್ಲ. ಟಿಕೆಟ್ ಬಂದ ದಿನವೇ ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಮಕ್ಕಳದ್ದೂ ಅಷ್ಟೇ. ವಿದೇಶದ ಬಂದರಿಗೆ ಹೋಗುವ ಹಡಗಾದರೆ ಪಾಸ್‌ಪೋರ್ಟ್ ಬೇಕು, ಅದರಲ್ಲಿ ಆರು ತಿಂಗಳು ಅವಧಿ ಉಳಿದಿರಬೇಕು. ಸಿಂಗಾಪುರದಿಂದ ಹತ್ತಿ ಅಲ್ಲಿಗೇ ವಾಪಸ್ ಬರುವವರಿಗೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ವೀಸಾ ಇರಬೇಕು. ಗರ್ಭಿಣಿಯರು, ಕೈಕೂಸು ಇರುವವರು ದುಡ್ಡು ಕಟ್ಟುವ ಮೊದಲೇ ನಿಯಮ ಕೇಳಿ. 24 ವಾರ ಮುಟ್ಟಿದವರನ್ನು, ಆರು ತಿಂಗಳು ತುಂಬದ ಕೂಸನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ.

ಮುಂಬೈಗೆ ಒಂದು ದಿನ ಮೊದಲೇ ಹೋಗಿ. ಹಡಗು ಯಾರಿಗೂ ಕಾಯುವುದಿಲ್ಲ, ಹೊರಡುವ ಒಂದೆರಡು ಗಂಟೆ ಮೊದಲೇ ಬಾಗಿಲು ಹಾಕುತ್ತಾರೆ. ನಾವು ಹುಬ್ಬಳ್ಳಿಯಿಂದ ರೈಲಿನಲ್ಲಿ ದಾದರ್‌ಗೆ ಹೋದೆವು. ಅಲ್ಲಿಂದ ಮಾಟುಂಗಾ ಒಂದೇ ಸ್ಟೇಷನ್. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು ಅತ್ತೆಗೆ ಊರಿಗೆ ಬಂದಷ್ಟೇ ಸಮಾಧಾನ. ಮರುದಿನ ಟ್ಯಾಕ್ಸಿಯವನಿಗೆ ‘ಬೋಟ್, ಗೋವಾ’ ಅಂದೆ. ತಪ್ಪು ನನ್ನದೇ. ಅವನು ಸೀದಾ ಮೀನು ದೋಣಿ, ಫೆರ್ರಿಗಳು ನಿಲ್ಲುವ ಭಾವುಚಾ ಧಕ್ಕಾಕ್ಕೆ ಕರೆದುಕೊಂಡು ಹೋದ. ಮೀನಿನ ಬುಟ್ಟಿ, ಐಸ್ ಗಾಡಿ, ಆಚೆ ದಡದ ಮಾಂಡವಾಕ್ಕೆ ಹೋಗುವ ಜನ. ಮಗಳು ಮೂಗು ಮುಚ್ಚಿಕೊಂಡು, ‘ಇದೇನಾ ನಮ್ಮ ಕ್ರೂಸ್?’ ಅಂದಳು. ನೀವು ‘ಬ್ಯಾಲಾರ್ಡ್ ಎಸ್ಟೇಟ್, ಕ್ರೂಸ್ ಟರ್ಮಿನಲ್’ ಅನ್ನಿ. 2025ರ ಸೆಪ್ಟೆಂಬರ್‌ನಲ್ಲಿ ಇಂದಿರಾ ಡಾಕ್‌ನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆ ಆಗಿದೆ. ಟಿಕೆಟ್‌ನಲ್ಲಿರುವ ಗೇಟಿನ ಹೆಸರನ್ನೇ ಟ್ಯಾಕ್ಸಿಯವನಿಗೆ ತೋರಿಸಿ. ಮುಂಬೈನ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿಯಿಂದ ಅದು ಹತ್ತಿರ.

ಟರ್ಮಿನಲ್ ಬಾಗಿಲಲ್ಲೇ ದೊಡ್ಡ ಬ್ಯಾಗ್ ತೆಗೆದುಕೊಂಡು ಬಿಡುತ್ತಾರೆ. ಅದು ರೂಮಿಗೆ ಬರುವುದು ಸಂಜೆಗೆ, ಕೆಲವು ಸಲ ರಾತ್ರಿಗೆ. ಇದು ಗೊತ್ತಿಲ್ಲದವರು ಜೀನ್ಸ್ ಹಾಕಿಕೊಂಡು ಈಜುಕೊಳದ ದಂಡೆಯಲ್ಲಿ ಕೂತಿರುತ್ತಾರೆ. ಆದ್ದರಿಂದ ಕೈಯಲ್ಲಿ ಒಂದು ಸಣ್ಣ ಬ್ಯಾಗ್ ಇರಲಿ. ಬಿಪಿ, ಶುಗರ್ ಮಾತ್ರೆ, ಕಾಗದ ಪತ್ರ, ಈಜುಡುಗೆ, ಮಕ್ಕಳ ಒಂದು ಜೊತೆ ಬಟ್ಟೆ, ಚಾರ್ಜರ್. ಆನ್‌ಲೈನ್ ಚೆಕ್-ಇನ್ ತೆರೆದ ದಿನವೇ ಮುಗಿಸಿ, ಬೇಗನೆಯ ಸಮಯ ಸಿಕ್ಕರೆ ಹಿಡಿಯಿರಿ. ಬ್ಯಾಗಿಗೆ ಕಟ್ಟುವ ಟ್ಯಾಗ್ ಪ್ರಿಂಟ್ ಮಾಡಿ ಸ್ಟೇಪಲ್ ಹೊಡೆಯಿರಿ, ಬರೀ ಗಮ್ ಸಾಲದು.

ಎಕ್ಸ್‌ರೇಯಲ್ಲಿ ನಮ್ಮ ಅತ್ತೆಯ ಬ್ಯಾಗು ನಿಂತಿತು. ತೆಗೆದು ನೋಡಿದರೆ ಕರ್ಪೂರ, ಊದಿನಕಡ್ಡಿ, ಎರಡು ಬೆಂಕಿಪೊಟ್ಟಣ. ಕೆಳಗೆ ಒಂದು ಡಬ್ಬಿ ಕೋಡುಬಳೆ. ಹಡಗಿನಲ್ಲಿ ಬೆಂಕಿ ಅಂದರೆ ಎಲ್ಲದಕ್ಕಿಂತ ದೊಡ್ಡ ಭಯ. ಇಸ್ತ್ರಿ ಪೆಟ್ಟಿಗೆ, ಕೆಟಲ್, ಮೇಣದಬತ್ತಿ ಯಾವುದನ್ನೂ ಬಿಡುವುದಿಲ್ಲ. ಹೆಂಡದ ಬಾಟಲಿ ಹೇಗೂ ಇಲ್ಲ. ಮನೆ ತಿಂಡಿಗೂ ಸಾಮಾನ್ಯವಾಗಿ ತಡೆ, ಮಗುವಿನ ಆಹಾರಕ್ಕೆ ವಿನಾಯಿತಿ ಇರುತ್ತದೆ. ಕೋಡುಬಳೆ ಡಬ್ಬಿಯನ್ನು ಅಲ್ಲೇ ಲೋಡರ್ ಹುಡುಗರಿಗೆ ಕೊಟ್ಟೆವು. ಎರಡು ದಿನ ಅತ್ತೆ ಬರೀ ಹೂವಿಟ್ಟು ಕೈ ಮುಗಿದರು. ತೆಗೆದುಕೊಂಡು ಹೋಗಬೇಕಾದ ಒಂದು ವಸ್ತು ಹೇಳುತ್ತೇನೆ, ನಗಬೇಡಿ: ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ಹುಕ್. ರೂಮಿನ ಗೋಡೆ ಹೆಚ್ಚಾಗಿ ಉಕ್ಕಿನದು. ನಾಲ್ಕು ಹುಕ್ ಅಂಟಿಸಿದರೆ ಟೋಪಿ, ಒದ್ದೆ ಬಟ್ಟೆ, ಹಡಗಿನವರು ಕೊಡುವ ರೂಮಿನ ಕಾರ್ಡಿನ ಹಗ್ಗ ಎಲ್ಲಾ ನೇತು ಹಾಕಬಹುದು.

ಹತ್ತಿದ ಕೂಡಲೇ ಎಲ್ಲರೂ ಊಟಕ್ಕೆ ನುಗ್ಗುತ್ತಾರೆ. ರೂಮು ಇನ್ನೂ ಸಿದ್ಧವಾಗಿರುವುದಿಲ್ಲ, ಹೊಟ್ಟೆ ಹಸಿದಿರುತ್ತದೆ. ನಾವು ಇಬ್ಬರಾಗಿ ಹಂಚಿಕೊಂಡೆವು. ಯಜಮಾನರು ಅತ್ತೆ ಮಕ್ಕಳ ಜೊತೆ ತಟ್ಟೆ ಹಿಡಿದರು, ನಾನು ಶೋಗಳ ಸೀಟು ಮತ್ತು ಮಕ್ಕಳ ಕ್ಲಬ್‌ನಲ್ಲಿ ಹೆಸರು ಬರೆಸಿ ಬಂದೆ. ಆ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ. ಊಟದ ಚಿಂತೆ ಬೇಡ, ಸಸ್ಯಾಹಾರಿ, ಜೈನ ಅಡುಗೆ ಬೇಕಾದಷ್ಟು ಸಿಗುತ್ತದೆ.

ಹಡಗು ಹೊರಡುವ ಮೊದಲು ಮಸ್ಟರ್ ಡ್ರಿಲ್ ಇರುತ್ತದೆ. ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಬೇಕು ಅಂತ. ತಪ್ಪಿಸಿಕೊಳ್ಳುವವರು ಇದ್ದಾರೆ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅವತ್ತು ಸಂಜೆ ಹತ್ತಿದವರಿಗೆ ಡ್ರಿಲ್ಲೇ ಆಗಿರಲಿಲ್ಲ. ಹೊರಡುವ ಮೊದಲು, ಇಲ್ಲವೇ ಹೊರಟ ತಕ್ಷಣ ಡ್ರಿಲ್ ಆಗಲೇಬೇಕು ಅನ್ನುವ ನಿಯಮ ಬಂದಿದ್ದು ಆಮೇಲೆ. ರೂಮಿನಲ್ಲಿ ಮಕ್ಕಳ ಅಳತೆಯ ಜಾಕೆಟ್ ಇದೆಯಾ ನೋಡಿ, ಇಲ್ಲದಿದ್ದರೆ ರೂಮಿನ ಹುಡುಗನನ್ನು ಕೇಳಿ. ಆ ಹೊತ್ತಿಗೆ ಲಿಫ್ಟ್ ತುಂಬಿರುತ್ತದೆ, ಹಿರಿಯರನ್ನು ಹತ್ತು ನಿಮಿಷ ಮೊದಲೇ ಕರೆದುಕೊಂಡು ಹೋಗಿ.

ಹೊರಡುವಾಗ ಮೇಲಿನ ಡೆಕ್ಕಿನ ಬಲಗಡೆ ಹೋಗಿ ನಿಲ್ಲಿ. ಹಡಗು ದಕ್ಷಿಣಕ್ಕೆ ತಿರುಗಿದ ಮೇಲೆ ಗೇಟ್‌ವೇ, ತಾಜ್, ಕೊಲಾಬಾ ಎಲ್ಲಾ ಬಲಗಡೆಯೇ ಬರುತ್ತವೆ. ನಮ್ಮ ಅತ್ತೆ ಕಾರವಾರ ಕಡೆಯವರು. ಅವರ ಅಪ್ಪ ಸ್ಟೀಮರ್ ಹತ್ತಿ ಬೊಂಬಾಯಿಗೆ ಹೋಗುತ್ತಿದ್ದರಂತೆ, ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿ. ಕಂಬಿ ಹಿಡಿದುಕೊಂಡು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು.

ವಾಂತಿ ಬರುವವರು ಡಾಕ್ಟರ್ ಕೇಳಿ ಮಾತ್ರೆ ತಂದಿಟ್ಟುಕೊಳ್ಳಿ. ತಲೆ ಸುತ್ತಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ. ದಡ ಮರೆಯಾದ ಮೇಲೆ ಫೋನು ಹಡಗಿನ ನೆಟ್‌ವರ್ಕ್ ಹಿಡಿದುಬಿಟ್ಟರೆ ಬಿಲ್ ನೋಡಿ ಆಗ ವಾಂತಿ ಬರುತ್ತದೆ.

ಗೋವಾದಲ್ಲಿ ಹಡಗು ನಿಲ್ಲುವುದು ವಾಸ್ಕೋ ಪಕ್ಕದ ಮೊರ್ಮುಗಾವ್ ಬಂದರಿನಲ್ಲಿ. ಪಣಜಿ ಮೂವತ್ತು ಕಿಲೋಮೀಟರ್ ಹತ್ತಿರ ಹತ್ತಿರ. ಅಲ್ಲಿಗೆ ಓಡಿ ಓಡಿ ಬರುವ ಬದಲು ಹತ್ತಿರದ ಬೋಗ್ಮಾಲೋ ಬೀಚಿಗೆ ಹೋಗಿ ಬನ್ನಿ. ಇಲ್ಲವೇ ಇಳಿಯಲೇಬೇಡಿ. ಎಲ್ಲರೂ ಇಳಿದಾಗ ಇಡೀ ಈಜುಕೊಳ ನಿಮ್ಮದು.

ಈಗ ಪ್ಯಾಂಟಿನ ಕಥೆ. ಕೊನೆಯ ರಾತ್ರಿ ದೊಡ್ಡ ಬ್ಯಾಗನ್ನು ಬಾಗಿಲ ಹೊರಗೆ ಇಡಿ ಅನ್ನುತ್ತಾರೆ, ರಾತ್ರಿಯೇ ಕೆಳಗೆ ಸಾಗಿಸುತ್ತಾರೆ. ನಮ್ಮವರು ಎಲ್ಲವನ್ನೂ ಅಚ್ಚುಕಟ್ಟಾಗಿ ಮಡಚಿ ಇಟ್ಟರು. ಬೆಳಿಗ್ಗೆ ನೋಡಿದರೆ ಉಳಿದಿದ್ದು ಹೂವಿನ ಚಿತ್ರದ ಚಡ್ಡಿ ಒಂದೇ. ಅದರಲ್ಲೇ ಬ್ಯಾಲಾರ್ಡ್ ಎಸ್ಟೇಟಿನ ಆಫೀಸು ಮಂದಿಯ ನಡುವೆ ಬ್ಯಾಗ್ ಹುಡುಕಿಕೊಂಡು ನಡೆದರು. ಮರುದಿನದ ಬಟ್ಟೆ ಮೊದಲು ಮಂಚದ ಮೇಲೆ ತೆಗೆದಿಡಿ, ಆಮೇಲೆ ಬ್ಯಾಗಿನ ಚೈನು ಎಳೆಯಿರಿ. ಹಡಗಿನೊಳಗಿನ ಖರ್ಚು ಆ ರೂಮಿನ ಕಾರ್ಡಿಗೇ ಬರೆಯುತ್ತಾರೆ, ಅದೇ ರಾತ್ರಿ ಅದರ ಲೆಕ್ಕವನ್ನೂ ರಿಸೆಪ್ಷನ್‌ನಲ್ಲಿ ಪ್ರಿಂಟ್ ತೆಗೆಸಿ. ಬೆಳಿಗ್ಗೆ ಅಲ್ಲಿ ಕ್ಯೂ.

ಮೊದಲ ಸಲ ಗೋವಾದಲ್ಲಿ ನಿಂತಾಗ ಅತ್ತೆ ಒಂದು ಪ್ರಶ್ನೆ ಕೇಳಿದ್ದರು. ‘ಇಲ್ಲಿಂದ ರೈಲು ಹತ್ತಿದರೆ ನಮ್ಮ ಹುಬ್ಬಳ್ಳಿ. ಮತ್ತೆ ಮುಂಬೈಗೆ ಯಾಕೆ ಹೋಗಬೇಕು?’ ಗಣಿತದ ಟೀಚರ್‌ಗೆ ಹೊಳೆಯದ ಲೆಕ್ಕ. ಕೆಲವು ಯಾನಗಳಿಗೆ ಮುಂಬೈ–ಗೋವಾ ಒಂದೇ ಕಡೆಯ ಟಿಕೆಟ್ ಕೊಡುತ್ತಾರೆ, ಕೇಳಬೇಕು ಅಷ್ಟೇ. ಎರಡನೇ ಸಲ ಹಾಗೇ ಮಾಡಿದೆವು. ವಾಸ್ಕೋದಲ್ಲಿ ಇಳಿದು ರೈಲಿಗೆ ಕಾಯುತ್ತಾ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತಿದ್ದೆವು. ಹಡಗಿನಿಂದ ಇಳಿದ ಮೇಲೂ ಸ್ವಲ್ಪ ಹೊತ್ತು ನೆಲ ಅಲ್ಲಾಡಿದಂತೆ ಅನಿಸುತ್ತದೆ. ಅತ್ತೆ ಎರಡೂ ಕೈಯಲ್ಲಿ ಬೆಂಚು ಗಟ್ಟಿಯಾಗಿ ಹಿಡಿದುಕೊಂಡು, ‘ರೈಲು ಬಂತೇನು?’ ಅಂದರು. ರೈಲಿಗೆ ಇನ್ನೂ ಒಂದು ಗಂಟೆ ಇತ್ತು.