ನಮ್ಮ ಕೆಂಚ ತೊಟ್ಟಿ ನೀರು ಕುಡಿಯುವುದು ಬಿಟ್ಟಿದ್ದು ಯಾಕೆ

ಯುಗಾದಿ ಕಳೆದು ಒಂದು ವಾರ ಆಗಿತ್ತು. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದರೆ, ನಮ್ಮ ನಾಯಿ ಕೆಂಚ ತೊಟ್ಟಿಯಿಂದ ನಾಲ್ಕಡಿ ದೂರ ನಿಂತು ನೀರನ್ನೇ ನೋಡುತ್ತಿದ್ದ. ನಾಲಿಗೆ ಪೂರ್ತಿ ಹೊರಗೆ. ಬಾಯಾರಿಕೆ ಆಗಿದೆ ಅಂತ ಚಿಕ್ಕ ಮಗುವಿಗೂ ಗೊತ್ತಾಗುವ ಹಾಗಿತ್ತು. ಆದರೂ ಕುಡಿಯಲಿಲ್ಲ. ಒಂದು ಹೆಜ್ಜೆ ಮುಂದೆ ಇಡುವುದು, ಮುಂಗಾಲು ಎತ್ತುವುದು, ಮತ್ತೆ ಹಿಂದಕ್ಕೆ. ಆಮೇಲೆ ಬಾಲ ಕಾಲಸಂದಿಗೆ ಸೇರಿಸಿಕೊಂಡು ಕೊಟ್ಟಿಗೆ ಹಿಂದೆ ಹೋಗಿ ಮಲಗಿದ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ಮಾವಿನ ತೋಟ, ಎರಡು ಸೀಮೆ ಹಸು, ಅಮ್ಮ, ನಾನು, ಕೆಂಚ. ಅವನು ನಾಟಿ ನಾಯಿ, ಐದು ವರ್ಷ. ನಾಯಿಯನ್ನು 'ಅದು' ಅನ್ನಬೇಕು ಅಂತ ಗೊತ್ತು, ಆದರೆ ಕೆಂಚನ ವಿಷಯದಲ್ಲಿ ನನಗೆ ಬಾಯಿ ಬರುವುದಿಲ್ಲ.

ಎರಡು ಮೂರು ದಿನ ಹೀಗೇ ನಡೆಯಿತು. ಒಂದು ಸಲ ಬಾಯಿ ಇಟ್ಟವನು 'ಕಂಯ್' ಅಂತ ಕಿರುಚಿ ಓಡಿದ. ಪಕ್ಕದ ತೋಟದ ಮಾವ ಬೇಲಿ ಆಚೆಯಿಂದ ನೋಡುತ್ತಿದ್ದರು. 'ಪಿಚ್ಚಿ ಪಟ್ಟಿಂದಿರಾ ನೀ ಕುಕ್ಕಕಿ' ಅಂದರು. ನಮ್ಮ ಕಡೆ ಅರ್ಧ ಮಾತು ತೆಲುಗೇ. ನಿನ್ನ ನಾಯಿಗೆ ಹುಚ್ಚು ಹಿಡಿದಿದೆ ಕಣೋ ಅಂತ. ನಾಯಿ ನೀರಿಗೆ ಹೆದರುತ್ತಿದೆ ಅಂದರೆ ಹುಚ್ಚು ಹಿಡಿದಿದೆ ಅಂತ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಆಯಿತು. ಸರಪಳಿ ಹಾಕು ಅಂದವರು ಒಬ್ಬರು, ಹೊಡೆದು ಹಾಕಿಬಿಡು ಅಂದವರು ಇನ್ನೊಬ್ಬರು. ತೊಟ್ಟಿ ಹತ್ತಿರ ಗಾಳಿ ಇದೆ, ನಿಂಬೆಹಣ್ಣು ಕೊಯ್ದು ದೃಷ್ಟಿ ತೆಗೆಸು ಅಂತ ದೊಡ್ಡಮ್ಮ ಹೇಳಿದರು. ಈಗ ಯೋಚಿಸಿದರೆ, ಜಾಗದ ಮೇಲೆ ಅನುಮಾನ ಪಟ್ಟವರು ಅವರೊಬ್ಬರೇ.

ಅವತ್ತೇ ಇನ್ನೊಂದು ಎಡವಟ್ಟಾಯಿತು. 'ಸುಮ್ನೆ ನಾಟಕ ಮಾಡ್ತಾನೆ' ಅಂತ ಅಮ್ಮ ಅವನ ಕೊರಳಪಟ್ಟಿ ಹಿಡಿದು ತೊಟ್ಟಿ ಕಡೆ ಎಳೆದರು. ಅವನು ತಿರುಗಿ ಕೈಗೆ ಬಾಯಿ ಹಾಕಿದ. ರಕ್ತ ಬರಲಿಲ್ಲ, ಹಲ್ಲು ತಾಗಿ ತರಚಿತ್ತು ಅಷ್ಟೇ. ಐದು ವರ್ಷದಲ್ಲಿ ಅವನು ಯಾರ ಮೇಲೂ ಹಲ್ಲು ತೋರಿಸಿದವನಲ್ಲ. ನನಗೆ ನಿಜವಾಗಿ ಭಯ ಆಗಿದ್ದು ಆಗಲೇ. ಅಮ್ಮನ ಕೈಯನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ಹದಿನೈದು ನಿಮಿಷ ತೊಳೆದೆ. ನೇರ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. 'ನಮ್ಮ ಮನೆ ನಾಯಿ, ಇಂಜೆಕ್ಷನ್ ಎಲ್ಲ ಹಾಕಿಸಿದ್ದೀವಿ, ನನಗ್ಯಾಕೆ' ಅಂತ ಅಮ್ಮ ದಾರಿಯುದ್ದಕ್ಕೂ ಗೊಣಗಿದರು. ಈ ವಿಷಯದಲ್ಲಿ ಮಾತ್ರ ಕಾದು ನೋಡೋಣ ಅನ್ನುವುದು ಬೇಡ. ರೋಗ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಬರಲು ಚೀಟಿ ಬರೆದು ಕೊಟ್ಟರು.

ಮಾರನೇ ದಿನ ಕೆಂಚನನ್ನು ಬೈಕಿನಲ್ಲಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಿಂದೆ ಕೂತವನು ಅಣ್ಣನ ಮಗ, ಮಧ್ಯೆ ಕೆಂಚ. ಡಾಕ್ಟರ್ ಮೊದಲು ಕೇಳಿದ್ದು, 'ಬೇರೆ ಕಡೆ ನೀರು ಕುಡಿಯುತ್ತಾ?' ನಾನು ಯೋಚಿಸಿಯೇ ಇರಲಿಲ್ಲ. ಅವರು ಒಂದು ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರಿಟ್ಟರು. ಕೆಂಚ ಒಂದೇ ಉಸಿರಿಗೆ ಮುಗಿಸಿದ.

ಅವರು ನಕ್ಕರು. ನೀರು ಕಂಡರೆ ಹೆದರುವುದು ರೇಬಿಸ್ ಬಂದ ಮನುಷ್ಯರಲ್ಲಿ ಕಾಣುವ ಲಕ್ಷಣವಂತೆ, ನಾಯಿಯಲ್ಲಿ ಹಾಗಲ್ಲ. ಹುಚ್ಚು ಹಿಡಿದ ನಾಯಿಗೆ ಗಂಟಲು ಮತ್ತು ದವಡೆಯ ಶಕ್ತಿ ಹೋಗುತ್ತದೆ. ಜೊಲ್ಲು ಸುರಿಯುತ್ತದೆ, ನುಂಗಲು ಆಗುವುದಿಲ್ಲ, ಬೊಗಳುವ ದನಿಯೇ ಬದಲಾಗುತ್ತದೆ. ಅಂಥ ನಾಯಿ ಕಚ್ಚಿದರೆ ಸಾಮಾನ್ಯವಾಗಿ ಹತ್ತು ದಿನದೊಳಗೆ ಸತ್ತೇ ಹೋಗುತ್ತದೆ. ಆದ್ದರಿಂದ ಹತ್ತು ದಿನ ಕಣ್ಣಿಟ್ಟಿರಿ, ಅಮ್ಮನ ಸೂಜಿ ಮಾತ್ರ ನಿಲ್ಲಿಸಬೇಡಿ ಅಂದರು.

ಆಮೇಲೆ ನಾಯಿಯನ್ನು ತಲೆಯಿಂದ ಬಾಲದವರೆಗೆ ನೋಡಿದರು. ಮೈ ಬಿಸಿ 101.6 ಡಿಗ್ರಿ, ನಾಯಿಗೆ ಅದು ಸಹಜವೇ. ವಸಡು ಗುಲಾಬಿ ಬಣ್ಣಕ್ಕಿದೆ, ಅದೂ ಸರಿ. ಹಲ್ಲು ಮುರಿದಿಲ್ಲ, ಬಾಯಲ್ಲಿ ಹುಣ್ಣಿಲ್ಲ, ಕಿವಿಯಲ್ಲಿ ಕೀವಿಲ್ಲ, ಕತ್ತು ಬಗ್ಗಿಸಿದರೆ ನೋವಿಲ್ಲ. ಮೈಮೇಲೆ ಉಣ್ಣೆ ಸಿಕ್ಕಿದ್ದರಿಂದ ಉಣ್ಣೆ ಜ್ವರ ಇರಬಹುದಾ ಅಂತ ರಕ್ತ ತೆಗೆದರು. ಎರಡು ದಿನ ಬಿಟ್ಟು ಅದರ ರಿಪೋರ್ಟೂ ಸರಿಯಾಗೇ ಬಂತು. ಹೊರಡುವಾಗ ಕೇಳಿದರು: 'ಮನೆಯಲ್ಲಿ ಇತ್ತೀಚೆಗೆ ಏನಾದರೂ ಬದಲಾಯಿಸಿದ್ದೀರಾ?'

ಏನೂ ಇಲ್ಲ ಸರ್ ಅಂದೆ. ಅದೇ ಮುದ್ದೆ, ಅದೇ ಜನ, ಅದೇ ಕೊಟ್ಟಿಗೆ. ಆ ಉತ್ತರ ತಪ್ಪು ಅಂತ ಗೊತ್ತಾಗಲು ನನಗೆ ಇನ್ನೂ ಎರಡು ವಾರ ಬೇಕಾಯಿತು.

ಯಾವಾಗ, ಎಲ್ಲಿ, ಯಾರ ಎದುರು ಹೀಗೆ ಮಾಡುತ್ತಾನೆ ಅಂತ ಬರೆದಿಡಿ ಅಂತಲೂ ಹೇಳಿದ್ದರು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಶುರು ಮಾಡಿದೆ. 'ಬೆಳಿಗ್ಗೆ 7, ತೊಟ್ಟಿ, ಕುಡಿಯಲಿಲ್ಲ. ಸಂಜೆ 5, ತೊಟ್ಟಿ, ಕಾಲಿಟ್ಟು ನೋಡಿ ಕುಡಿದ. ಕೊಟ್ಟಿಗೆ ಬಕೆಟ್, ಕುಡಿದ.' ಹೀಗೆ. ಮೊದಲ ವಾರದ ಲೆಕ್ಕದಲ್ಲಿ ಬೆಳಗ್ಗೆ ಹೆದರಿಕೆ, ಸಂಜೆ ಸರಿ. ಬೆಳಗ್ಗೆ ಅಲ್ಲಿ ಅಮ್ಮ ಪಾತ್ರೆ ತಿಕ್ಕುತ್ತಾರೆ. ಹಾಗಾದರೆ ಕೈಗೆ ಬಾಯಿ ಹಾಕಿದ ದಿನದಿಂದ ಅಮ್ಮನಿಗೆ ಹೆದರುತ್ತಿದ್ದಾನೆ ಅಂದುಕೊಂಡೆ. ಆದರೆ ಎರಡನೇ ವಾರ ಲೆಕ್ಕ ಪೂರ್ತಿ ಉಲ್ಟಾ ಆಯಿತು. ಬೆಳಗ್ಗೆ ಅಮ್ಮ ಪಕ್ಕದಲ್ಲೇ ಇದ್ದರೂ ಆರಾಮಾಗಿ ಕುಡಿದ, ರಾತ್ರಿ ಹತ್ತಿರವೂ ಸುಳಿಯಲಿಲ್ಲ. ಇಂಥ ಪುಸ್ತಕ ಎರಡು ದಿನ ಬರೆದು ತೀರ್ಮಾನಕ್ಕೆ ಬಂದಿದ್ದರೆ ನಾನು ಅಮ್ಮನ ಮೇಲೇ ತಪ್ಪು ಹೊರಿಸಿಬಿಡುತ್ತಿದ್ದೆ.

ಹಳ್ಳಿಯಲ್ಲಿ ಪಂಪ್‌ಸೆಟ್ ಇರುವವರಿಗೆ ಇಷ್ಟರಲ್ಲೇ ಹೊಳೆದಿರಬೇಕು. ತೋಟದ ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟು ದಿನವಿಡೀ ಇರುವುದಿಲ್ಲ. ಪಾಳಿ ಪ್ರಕಾರ ಕೊಡುತ್ತಾರೆ, ನಮ್ಮಲ್ಲಿ ಆಗ ಒಂದು ವಾರ ಬೆಳಗ್ಗೆ, ಇನ್ನೊಂದು ವಾರ ರಾತ್ರಿ. ಮನೆಯ ದೀಪದ ಲೈನು ಬೇರೆ. ನನಗೂ ಅನುಮಾನ ಬಂತು, ಆದರೆ ದಾರಿ ತಪ್ಪಿದೆ. ಮೋಟರ್ ಓಡುವಾಗ ಪೈಪಿನಲ್ಲಿ ಬುಸುಗುಡುವ ಸದ್ದಿಗೆ ಹೆದರುತ್ತಿದ್ದಾನೆ ಅಂದುಕೊಂಡೆ. ಪರೀಕ್ಷೆ ಮಾಡೋಣ ಅಂತ ತ್ರೀಫೇಸ್ ಇದ್ದಾಗಲೇ ಮೋಟರ್ ಆಫ್ ಮಾಡಿ ಕರೆದೆ. ಆಗಲೂ ಬರಲಿಲ್ಲ. ಹಾಗಾದರೆ ಮೋಟರ್ ಕಾರಣ ಅಲ್ಲ ಅಂತ ಅದನ್ನು ಪಟ್ಟಿಯಿಂದ ಹೊಡೆದು ಹಾಕಿದೆ. ನೀರಿಗೆ ಕರೆಂಟು ಬರುತ್ತಿದೆಯಾ ಅಂತ ಟೆಸ್ಟರ್ ತಂದು ತೊಟ್ಟಿ ನೀರಿಗೂ ಅದ್ದಿದೆ, ಪೈಪಿಗೂ ಇಟ್ಟೆ. ದೀಪ ಹತ್ತಲಿಲ್ಲ. ಅಲ್ಲಿಗೆ ಕರೆಂಟಿನ ವಿಷಯವನ್ನೇ ಬಿಟ್ಟೆ. ದಡ್ಡತನಕ್ಕೆ ಎರಡು ದಿನ ಹೋಯಿತು.

ಏಪ್ರಿಲ್ ಕೊನೆಗೆ ಭರಣಿ ಗಾಳಿ ಬೀಸಿತು. ಮಳೆ ಹನಿಯಷ್ಟೇ, ಗಾಳಿ ಮಾತ್ರ ಜೋರು. ಕಾಯಿ ಉದುರಿ ನೆಲ ತುಂಬಿತು, ಎಲ್ಲೋ ಕಂಬ ಬಿದ್ದು ಎರಡು ದಿನ ಕರೆಂಟೇ ಇರಲಿಲ್ಲ. ಉದುರಿದ ಕಾಯಿ ಆರಿಸುತ್ತಾ ನೋಡುತ್ತೇನೆ, ಕೆಂಚ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಯಾವ ಹೊತ್ತಿಗಾದರೂ ಹೋಗಿ ತೊಟ್ಟಿಯಲ್ಲಿ ಮುಖ ಮುಳುಗಿಸಿ ಕುಡಿಯುತ್ತಿದ್ದಾನೆ. ಮೂರನೇ ದಿನ ಮೋಟರಿನ ಸ್ಟಾರ್ಟರ್ ಡಬ್ಬಿಯ ಮೇಲಿನ ಮೂರೂ ದೀಪ ಹತ್ತಿದವು, ಅಂದರೆ ತ್ರೀಫೇಸ್ ಬಂತು. ಕಾಲು ಗಂಟೆ ಆಗಿರಲಿಲ್ಲ, ಕೆಂಚ ಹೋದ, ಕಂಯ್ ಅಂದ, ಓಡಿದ. ಮೋಟರ್ ಇನ್ನೂ ಹಾಕಿರಲೇ ಇಲ್ಲ.

ಆಗ ಜಾಗವನ್ನು ಸರಿಯಾಗಿ ನೋಡಿದೆ. ನಾಯಿಯನ್ನು ಇಷ್ಟು ದಿನ ನೋಡಿದ್ದೆ, ಅದು ನಿಲ್ಲುವ ನೆಲವನ್ನು ನೋಡಿರಲಿಲ್ಲ. ಸಂಕ್ರಾಂತಿ ಆದಮೇಲೆ ಬಟ್ಟೆ ಒಗೆಯಲು ಅಂತ ತೊಟ್ಟಿ ಸುತ್ತ ಸಿಮೆಂಟ್ ಕಟ್ಟೆ ಮಾಡಿಸಿದ್ದೆ. ಸ್ಟಾರ್ಟರ್ ಡಬ್ಬಿ ಗೋಡೆಯಲ್ಲಿತ್ತು, ಅದನ್ನು ತೆಗೆದು ಕಬ್ಬಿಣದ ಆ್ಯಂಗಲ್ ಸ್ಟ್ಯಾಂಡಿಗೆ ಕೂರಿಸಿ, ಸ್ಟ್ಯಾಂಡಿನ ಕಾಲನ್ನು ಅದೇ ಕಟ್ಟೆಯಲ್ಲಿ ಹೂತಿದ್ದೆ. ಡಾಕ್ಟರಿಗೆ ಏನೂ ಬದಲಾಗಿಲ್ಲ ಅಂದಿದ್ದೆನಲ್ಲ, ಬದಲಾಗಿದ್ದು ಇದೇ! ಟೆಸ್ಟರನ್ನು ಡಬ್ಬಿಯ ಮೈಗೆ ಇಟ್ಟೆ. ಭಗ್ಗನೆ ಹತ್ತಿತು. ನಾನು ದಿನಾ ಹವಾಯಿ ಚಪ್ಪಲಿ ಹಾಕಿಕೊಂಡು ಪ್ಲಾಸ್ಟಿಕ್ ಬಟನ್ ಒತ್ತುತ್ತಿದ್ದೆ, ಹಾಗಾಗಿ ಬದುಕಿದ್ದೆ.

ಕಂಬದ ಹತ್ತಿರ ಫ್ಯೂಸ್ ತೆಗೆದು ಮೋಟರ್ ವೈಂಡಿಂಗ್ ಅಂಗಡಿ ಹುಡುಗನಿಗೆ ಫೋನ್ ಮಾಡಿದೆ. ಅವನು ಮೀಟರ್ ತಂದು, ನಮ್ಮನ್ನೆಲ್ಲ ದೂರ ನಿಲ್ಲಿಸಿ, ಒಮ್ಮೆ ಫ್ಯೂಸ್ ಹಾಕಿಸಿ ಅಳೆದ. ಡಬ್ಬಿಗೂ ಬೋರ್‌ವೆಲ್ ಪೈಪಿಗೂ ನಡುವೆ ನೂರಕ್ಕೂ ಜಾಸ್ತಿ ವೋಲ್ಟ್. ಒದ್ದೆ ಕಟ್ಟೆಗೂ ತೊಟ್ಟಿ ನೀರಿಗೂ ನಡುವೆ 17. ಡಬ್ಬಿಯೊಳಗೆ ಕೇಬಲ್ ಬರುವ ತೂತಿಗೆ ರಬ್ಬರ್ ಬುಷ್ ಹಾಕದೆ ಬಿಟ್ಟಿದ್ದೆವು, ತಗಡಿನ ಅಂಚು ಕೇಬಲ್ ಮೇಲಿನ ಪ್ಲಾಸ್ಟಿಕ್ಕನ್ನು ಉಜ್ಜಿ ಉಜ್ಜಿ ತಿಂದುಹಾಕಿತ್ತು. ಅದು ಲೈನು ಒಳಗೆ ಬರುವ ಕಡೆಯ ಕೇಬಲ್. ಅದಕ್ಕೇ ಮೋಟರ್ ಆಫ್ ಇದ್ದರೂ ಡಬ್ಬಿಗೆ ಕರೆಂಟು ಬರುತ್ತಿತ್ತು. ಡಬ್ಬಿಯಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನ ಕಾಲಿನಿಂದ ಒದ್ದೆ ಸಿಮೆಂಟಿಗೆ. ನೀರಿಗಲ್ಲ, ನೆಲಕ್ಕೆ! ನೀರು ಬೀಳುವ ಕಬ್ಬಿಣದ ಪೈಪು ಬೋರ್‌ವೆಲ್ ಒಳಗೆ ನೂರಾರು ಅಡಿ ಇಳಿದಿರುತ್ತದೆ, ಅದಕ್ಕಿಂತ ಒಳ್ಳೆಯ ಅರ್ಥಿಂಗ್, ಅಂದರೆ ಕರೆಂಟು ಭೂಮಿಗೆ ಇಳಿಯುವ ದಾರಿ, ಬೇಕಾ? ಕಾಲು ಕಟ್ಟೆ ಮೇಲೆ, ನಾಲಿಗೆ ನೀರಲ್ಲಿ. ಮಧ್ಯೆ ಕೆಂಚನೇ ತಂತಿ. ಹದಿನೇಳು ವೋಲ್ಟಿಗೆ ಟೆಸ್ಟರ್ ಹತ್ತುವುದಿಲ್ಲ, ಆದರೆ ಒದ್ದೆ ಬರಿಗಾಲಿಗೆ, ಅದರಲ್ಲೂ ನಾಲಿಗೆಗೆ, ಅಷ್ಟು ಧಾರಾಳ ಸಾಕು. ಬರಿಗಾಲಲ್ಲಿ ನಿಂತು ಕೈ ಅದ್ದಿ ನೋಡೋಣ ಅಂತ ನನಗೆ ಒಂದು ಗಳಿಗೆ ಅನಿಸಿತ್ತು. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ.

ಅರ್ಥಿಂಗ್ ಇರಲಿಲ್ಲವಾ ಅಂದರೆ, ಇತ್ತು. ಇದ್ದಿಲು, ಉಪ್ಪು ಹಾಕಿ ಪೈಪು ಹೂತ ಗುಂಡಿ, ಅಪ್ಪ ಇದ್ದಾಗ ಮಾಡಿಸಿದ್ದು. ಅದಕ್ಕೆ ನೀರು ಹಾಕಿ ಎಷ್ಟು ವರ್ಷ ಆಗಿತ್ತೋ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ, ಏಪ್ರಿಲ್‌ನಲ್ಲಿ ಮಣ್ಣು ಹಪ್ಪಳದ ಹಾಗೆ ಒಣಗಿರುತ್ತದೆ, ಒಣ ಮಣ್ಣಿನಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ. ಸಾಲದ್ದಕ್ಕೆ ಕ್ಲಾಂಪಿನ ಹತ್ತಿರ ತಂತಿ ಉಪ್ಪಿಗೆ ತುಕ್ಕು ಹಿಡಿದು ಕಡಿದೇ ಹೋಗಿತ್ತು. ಹುಡುಗ ಬೆರಳಲ್ಲಿ ಮುಟ್ಟಿದ ಕೂಡಲೇ ಕೈಗೆ ಬಂತು.

ಇದನ್ನೆಲ್ಲ ಕೇಳಿಸಿಕೊಂಡು ಅಮ್ಮ ಮೆಲ್ಲಗೆ ಹೇಳಿದರು: 'ಪಾತ್ರೆ ತೊಳೆಯುವಾಗ ಒಂದೊಂದು ದಿನ ಕೈ ಜುಮ್ ಅಂತಿತ್ತು ಕಣೋ. ಶುಗರ್ ಜಾಸ್ತಿ ಆಗಿದೆ ಅಂದ್ಕೊಂಡಿದ್ದೆ.' ನನಗೆ ಕೂತ ಕಡೆಯೇ ಬೆವರಿತು. ಹಸುಗಳೂ ಆ ತಿಂಗಳು ತೊಟ್ಟಿಗೆ ಬಾಯಿಟ್ಟು ಹೀರದೆ, ನಾಯಿಯ ಹಾಗೆ ನೆಕ್ಕಿ ನೆಕ್ಕಿ ಕುಡಿಯುತ್ತಿದ್ದವು. ಬಿಸಿಲಿಗೆ ಹಾಲು ಕಮ್ಮಿ ಆಗಿದೆ ಅಂತ ನಾನು ಲೆಕ್ಕದ ಪುಸ್ತಕದ ಮುಂಬದಿಯಲ್ಲಿ ಬರೆದಿದ್ದೆ. ಅದೇ ಪುಸ್ತಕದ ಹಿಂಬದಿಯಲ್ಲಿ ಕೆಂಚನ ಲೆಕ್ಕ ಇತ್ತು. ಎರಡನ್ನೂ ಒಟ್ಟಿಗೆ ಓದಲಿಲ್ಲ, ಅಷ್ಟೇ.

ರಿಪೇರಿ ಒಂದೇ ದಿನದ ಕೆಲಸ. ಕೇಬಲ್ ಬದಲಾಯಿತು, ಬುಷ್ ಬಂತು, ಡಬ್ಬಿ ಮತ್ತೆ ಗೋಡೆಗೆ ಹೋಯಿತು, ಎಂಟು ಅಡಿ ಪೈಪಿನ ಹೊಸ ಗುಂಡಿ ಆಯಿತು. ಮನೆಯ ಲೈನಿಗೂ 30 ಮಿಲಿ ಆಂಪಿಯರ್ ಕರೆಂಟು ಸೋರಿದರೆ ಬಿದ್ದು ಲೈನು ಕಡಿಯುವ ಆರ್‌ಸಿಸಿಬಿ ಹಾಕಿಸಿದೆ. ಎಂಸಿಬಿ ಇದೆಯಲ್ಲ ಅಂತ ಕೇಳಬೇಡಿ. ಅದು ಲೋಡು ಜಾಸ್ತಿ ಆದರೆ ಅಥವಾ ಶಾರ್ಟ್ ಆದರೆ ಬೀಳುತ್ತದೆ, ಇಂಥ ಸಣ್ಣ ಸೋರಿಕೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ನಾಯಿಯ ರಿಪೇರಿಗೆ ಮಾತ್ರ ಒಂದೂವರೆ ತಿಂಗಳು ಹಿಡಿಯಿತು. ಮೀಟರ್ ಸೊನ್ನೆ ತೋರಿಸಿತು ಅಂತ ಅವನಿಗೆ ಹೇಳುವುದು ಹೇಗೆ? ಎಳೆದುಕೊಂಡು ಹೋಗುವುದಂತೂ ಇಲ್ಲ, ಅಮ್ಮನ ಕೈ ನೆನಪಿತ್ತು. ಕೊಟ್ಟಿಗೆ ಹತ್ತಿರ ಮಣ್ಣಿನ ಬಾನಿ ಇಟ್ಟು ಅದರಲ್ಲೇ ನೀರು ಕೊಟ್ಟೆ. ಎರಡು ಮೂರು ದಿನಕ್ಕೊಮ್ಮೆ ಅದನ್ನು ಒಂದೊಂದು ಮೊಳ ತೊಟ್ಟಿ ಕಡೆಗೆ ಸರಿಸಿದೆ. ಕಟ್ಟೆಯ ಅಂಚಿಗೆ ಬಂದಾಗ ಅವನು ನಿಂತುಬಿಟ್ಟ. ಅಲ್ಲಿ ಒಂದು ಗೋಣಿಚೀಲ ಹಾಸಿ, ಮೇಲೆ ಮುದ್ದೆ ಚೂರಿಗೆ ಮೂಳೆ ಸಾರು ಸುರಿದು ಇಟ್ಟು, ನಾನು ದೂರ ಹೋಗಿ ಬೀಡಿ ಹಚ್ಚಿದ ಹಾಗೆ ಬೇರೆ ಕಡೆ ನೋಡುತ್ತಾ ಕೂತೆ. ನಾನು ಬೀಡಿ ಸೇದುವುದಿಲ್ಲ, ಕೆಂಚನಿಗೋಸ್ಕರ ನಾಟಕ. ನಾಲ್ಕನೇ ದಿನ ತಿಂದ. ಹತ್ತನೇ ದಿನ ಗೋಣಿ ಮೇಲೆ ನಿಂತು ತೊಟ್ಟಿಗೆ ಬಾಯಿ ಹಾಕಿದ.

ಅಮ್ಮ 28ನೇ ದಿನದ ಸೂಜಿಯನ್ನೂ ಹಾಕಿಸಿಕೊಂಡು ಬಂದರು. ಗೋಣಿಚೀಲ ಈಗಲೂ ಅಲ್ಲೇ ಇದೆ. ಒಗೆಯಲು ತೆಗೆದರೆ ಕೆಂಚ ಕಟ್ಟೆಯಾಚೆ ಕೂತು, ಅದು ಒಣಗಿ ವಾಪಸ್ ಬರುವವರೆಗೂ ಕಾಯುತ್ತಾನೆ.